ಉಪ್ಪುನೀರಿನ ಬಂದರಿನಲ್ಲಿ ಸಿಹಿನೀರಿನ ಜಾಡು

ನೀರುನಾಯಿ ಸಮೀಕ್ಷೆ ಎಂದರೆ ಮುಕ್ಕಾಲು ಪಾಲು ಹಿಕ್ಕೆಯ ಹುಡುಕಾಟ. ಪ್ರಾಣಿಯನ್ನು ಕಣ್ತುಂಬ ನೋಡುವ ಆಸೆಯಿಂದ ಬಂದವರು ಒಂದೆರಡು ಸಲ ಬಂಡೆ ಹತ್ತಿಳಿದ ಮೇಲೆ ನಿರಾಶರಾಗುತ್ತಾರೆ. ನನಗಾದರೋ ಪ್ರಾಣಿ ಕಣ್ಣಿಗೆ ಬೀಳದೆಯೇ ಅದರ ದಿನಚರಿ ತೆರೆದುಕೊಳ್ಳುವ ಈ ಕೆಲಸ ಮೊದಲ ದಿನದಿಂದಲೂ ಹಿಡಿಸಿದೆ. ಯಾವ ಕಲ್ಲಿನ ಮೇಲೆ ಹತ್ತಿತು, ಏನು ತಿಂದಿತು, ಎಲ್ಲಿ ಹೊರಳಾಡಿ ಮೈ ಒಣಗಿಸಿಕೊಂಡಿತು, ಯಾವ ದಾರಿಯಾಗಿ ಮತ್ತೆ ನೀರಿಗಿಳಿಯಿತು ಎಂಬುದೆಲ್ಲ ದಡದ ಮೇಲೆ ಉಳಿದಿರುತ್ತದೆ. ನೋಡುವ ಕಣ್ಣು ಪಳಗಬೇಕು, ಅಷ್ಟೇ.

ನಾವು ಸಮೀಕ್ಷೆ ಮಾಡಿದ ಬಂದರು ದೊಡ್ಡದೇನಲ್ಲ. ಮೀನುಗಾರಿಕೆಯ ದೋಣಿಗಳು ತಂಗುವ ಒಳಭಾಗ, ಅದನ್ನು ಕಡಲಿನ ಹೊಡೆತದಿಂದ ಕಾಯುವ ದೊಡ್ಡ ಬಂಡೆಗಳ ತಡೆಗೋಡೆ, ಹಳೆಯ ಕಲ್ಲಿನ ದಕ್ಕೆ, ಒಂದು ಮಗ್ಗುಲಲ್ಲಿ ಇಳಿತದ ವೇಳೆ ತೆರೆದುಕೊಳ್ಳುವ ಕೆಸರು ಬಯಲು. ದಕ್ಕೆಯನ್ನು ಉದ್ದ ಮಾಡುವ, ಹಳೆಯ ಗೋಡೆಯ ಸಂದುಗಳನ್ನು ಕಾಂಕ್ರೀಟ್ ತುಂಬಿ ಮುಚ್ಚುವ ಯೋಜನೆಯೊಂದು ಸಿದ್ಧವಾಗಿತ್ತು. ಕಾಮಗಾರಿ ಶುರುವಾಗುವ ಮುನ್ನ ಇಲ್ಲಿ ನೀರುನಾಯಿ ಓಡಾಡುತ್ತದೆಯೇ, ಓಡಾಡುವುದಾದರೆ ಯಾವ ಜಾಗಗಳು ಅದಕ್ಕೆ ಮುಖ್ಯ ಎಂದು ತಿಳಿಸಬೇಕು. ನಮಗೆ ಒಪ್ಪಿಸಿದ್ದ ಕೆಲಸ ಇದು. ನನ್ನ ಜೊತೆಗಿದ್ದವರು ನದಿಗಳಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ದ ಹಿರಿಯ ಸಮೀಕ್ಷಕಿ. ಅವರು ನಕ್ಷೆಯನ್ನು ಮೇಜಿನ ಮೇಲೆ ಹರಡಿ ಮೊದಲು ಕೇಳಿದ್ದು ಮೀನಿನ ವಿಚಾರವನ್ನಲ್ಲ. "ಸಿಹಿನೀರು ಎಲ್ಲಿ ಬಂದು ಸೇರುತ್ತದೆ, ತೋರಿಸಿ" ಎಂದರು.

ಆ ಪ್ರಶ್ನೆಯ ಹಿಂದೆ ಪ್ರಾಣಿಯ ಇಡೀ ಬದುಕಿದೆ. ಜಗತ್ತಿನಲ್ಲಿ 13 ಜಾತಿಯ ನೀರುನಾಯಿಗಳನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ನಾವು ಹುಡುಕುತ್ತಿದ್ದದ್ದು ಯುರೇಷಿಯನ್ ನೀರುನಾಯಿಯನ್ನು, ಅಂದರೆ ಐರ್ಲೆಂಡಿನಿಂದ ಏಷ್ಯಾದ ಪೂರ್ವದಂಚಿನವರೆಗೆ, ದಕ್ಷಿಣದಲ್ಲಿ ಉತ್ತರ ಆಫ್ರಿಕಾದವರೆಗೆ ಹಬ್ಬಿರುವ ಜಾತಿ. ಪೆಸಿಫಿಕ್ ಸಾಗರದಲ್ಲಿ ಬೆನ್ನ ಮೇಲೆ ತೇಲುತ್ತಾ ಕಡಲಿನಲ್ಲೇ ಬಾಳುವ ಕಡಲ ನೀರುನಾಯಿ ಬೇರೆಯೇ ಜಾತಿ. ನಮ್ಮದು ಮೂಲತಃ ಹೊಳೆ, ಕೆರೆಗಳ ಪ್ರಾಣಿ. ಕಡಲಿನಲ್ಲಿ ಮೀನು ಹೇರಳವಾಗಿರುವ ಕಡೆ ಅಲ್ಲಿಗೂ ಇಳಿಯುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಸೀಲ್‌ಗಳಂತೆ ಇದರ ಚರ್ಮದ ಅಡಿಯಲ್ಲಿ ದಪ್ಪ ಕೊಬ್ಬಿನ ಪದರವಿಲ್ಲ. ತಣ್ಣೀರಿನಲ್ಲಿ ಮೈ ಬೆಚ್ಚಗಿರುವುದು ಒತ್ತಾದ ಒಳಗೂದಲಿನಲ್ಲಿ ಸಿಕ್ಕಿಕೊಳ್ಳುವ ಗಾಳಿಯಿಂದ. ಉಪ್ಪು ಹರಳುಗಟ್ಟಿದರೆ ಕೂದಲು ಅಂಟಿಕೊಂಡು ಗಾಳಿ ನಿಲ್ಲುವುದಿಲ್ಲ, ನೀರು ಚರ್ಮಕ್ಕೆ ತಾಗುತ್ತದೆ. ಆದ್ದರಿಂದ ಕಡಲಿನಲ್ಲಿ ಬೇಟೆಯಾಡುವ ನೀರುನಾಯಿ ದಿನವೂ ಸಿಹಿನೀರಿಗೆ ಬಂದು ಮೈ ತೊಳೆದುಕೊಳ್ಳಲೇಬೇಕು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ನಡೆದ ದೀರ್ಘ ಅಧ್ಯಯನಗಳು ಇದನ್ನೇ ತೋರಿಸಿಕೊಟ್ಟಿವೆ: ಅಲ್ಲಿ ಬಿಲಗಳಿರುವುದು ಸಿಹಿನೀರು ಸಿಗುವ ಕಡೆಯಲ್ಲೇ, ಕೆಲವು ಬಿಲಗಳ ಒಳಗೇ ನೀರಿನ ಗುಂಡಿಗಳಿವೆ.

ಹೀಗಾಗಿ ಬಂದರಿಗೆ ಕಾಲಿಡುವ ಮೊದಲೇ ನಾವು ನಕ್ಷೆಯ ಮೇಲೆ ನೀಲಿ ಪೆನ್ಸಿಲ್ಲಿನಿಂದ ಸಿಹಿನೀರನ್ನೆಲ್ಲ ಗುರುತು ಮಾಡಿದೆವು. ಕೆಸರು ಬಯಲಿಗೆ ಇಳಿಯುವ ಒಂದು ತೊರೆ. ರಸ್ತೆಯಡಿ ಹಾದು ದಕ್ಕೆಯ ಬುಡಕ್ಕೆ ಸುರಿಯುವ ಒಂದು ಮೋರಿ. ತಡೆಗೋಡೆ ನೆಲಕ್ಕೆ ಕೂಡುವಲ್ಲಿ ಬಂಡೆಯ ಸಂದಿನಿಂದ ಜಿನುಗುವ ಒಂದು ಒಸರು, ಇದು ನಕ್ಷೆಯಲ್ಲಿರಲಿಲ್ಲ. ಬಲೆ ತೊಳೆಯಲು ಅಲ್ಲಿಗೆ ಹೋಗುತ್ತಿದ್ದ ಹಿರಿಯ ಮೀನುಗಾರರೊಬ್ಬರು ಹೇಳಿ ಗೊತ್ತಾಯಿತು. "ಎಂಥ ಬಿಸಿಲಿಗೂ ಅದು ಬತ್ತಿದ್ದನ್ನು ನಾನು ನೋಡಿಲ್ಲ" ಎಂದರು. ಅವರ ಆ ಒಂದು ಮಾತು ಮುಂದೆ ಎಷ್ಟು ಕೆಲಸಕ್ಕೆ ಬಂತು ಎಂಬುದನ್ನು ನೆನೆದಾಗೆಲ್ಲ, ಸಮೀಕ್ಷೆಯ ಮೊದಲ ಉಪಕರಣ ದಡದಲ್ಲಿ ಬದುಕುವವರ ಜೊತೆ ಕುಳಿತು ಮಾತನಾಡುವುದೇ ಎನಿಸುತ್ತದೆ.

ಇನ್ನೊಂದು ಮುಖ್ಯ ತಯಾರಿ ಉಬ್ಬರವಿಳಿತದ ವೇಳಾಪಟ್ಟಿ. ನದಿಯ ದಡದಲ್ಲಿ ಹಿಕ್ಕೆ ವಾರಗಟ್ಟಲೆ ಉಳಿಯಬಹುದು. ಬಂದರಿನಲ್ಲಿ ಹಾಗಲ್ಲ. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುತ್ತದೆ, ತಗ್ಗಿನ ಕಲ್ಲುಗಳ ಮೇಲಿದ್ದುದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಇನ್ನೂ ಮೇಲಕ್ಕೇರಿ ಎತ್ತರದ ಕಲ್ಲುಗಳನ್ನೂ ಬೋಳಿಸುತ್ತದೆ. ಹೊರನೋಟಕ್ಕೆ ಇದು ಅಡ್ಡಿ. ನಿಜದಲ್ಲಿ ನಮ್ಮ ಕೈಗೆ ಸಿಕ್ಕ ಗಡಿಯಾರ. ಹಿಂದಿನ ಉಬ್ಬರದ ಒದ್ದೆ ಗೆರೆಗಿಂತ ಕೆಳಗೆ ಒಂದು ಹಿಕ್ಕೆ ಕಂಡಿತೆಂದರೆ, ಅದು ಆ ಉಬ್ಬರ ಇಳಿದ ಮೇಲೆ ಹಾಕಿದ್ದು. ಪ್ರಯೋಗಾಲಯದ ನೆರವಿಲ್ಲದೆಯೇ ಗಂಟೆಯ ಲೆಕ್ಕದಲ್ಲಿ ಹೀಗೆ ಕಾಲ ಹೇಳುವ ಸೌಲಭ್ಯ ನದಿ ಸಮೀಕ್ಷೆಯಲ್ಲಿಲ್ಲ. ಅದಕ್ಕಾಗಿ ನಾವು ಅಷ್ಟಮಿಯ ಸುತ್ತಿನ ಸಣ್ಣ ಉಬ್ಬರದ ದಿನಗಳನ್ನು ಆರಿಸಿಕೊಂಡೆವು: ಎತ್ತರದ ಕಲ್ಲುಗಳ ಮೇಲೆ ಹಳೆಯ ಗುರುತುಗಳು ಉಳಿದಿರುತ್ತವೆ, ತಗ್ಗಿನ ಕಲ್ಲುಗಳ ಮೇಲೆ ಹೊಸವು ಕಾಣಸಿಗುತ್ತವೆ. ನೀರು ಇನ್ನೂ ಇಳಿಯುತ್ತಿರುವಾಗ ಹೊರಟು, ಏರತೊಡಗುವ ಮುನ್ನ ವಾಪಸಾಗುವುದು ನಮ್ಮ ನಿಯಮ. ಪಾಚಿ ಹಿಡಿದ ಬಂಡೆಗಳ ಮೇಲೆ ಒಬ್ಬರೇ ಹೋಗುವುದಿಲ್ಲ, ಲೈಫ್ ಜಾಕೆಟ್ ಕಳಚುವುದಿಲ್ಲ, ಕೆಸರು ಬಯಲಿನ ನಡುವಿಗೆ ಕಾಲಿಡುವುದಿಲ್ಲ. ಬಂದರಿನ ಕಚೇರಿಗೆ ಹೋಗುವಾಗ ಹೇಳಿ, ಬಂದ ಮೇಲೆ ತಿಳಿಸಿ ಬರುತ್ತಿದ್ದೆವು.

ತಡೆಗೋಡೆಯಿಂದ ಶುರು ಮಾಡಿದೆವು. ನೀರುನಾಯಿ ಹಿಕ್ಕೆ ಹಾಕುವುದು ಬರಿಯ ವಿಸರ್ಜನೆಗಲ್ಲ. ಅದು ಇತರ ನೀರುನಾಯಿಗಳಿಗೆ ಬಿಟ್ಟುಹೋಗುವ ಸುದ್ದಿ. ಆದ್ದರಿಂದ ಎದ್ದು ಕಾಣುವ ಜಾಗಗಳನ್ನೇ ಆರಿಸಿಕೊಳ್ಳುತ್ತದೆ: ಸುತ್ತಲಿನ ಕಲ್ಲುಗಳಿಗಿಂತ ತುಸು ಎತ್ತರದ ಬಂಡೆ, ದೋಣಿ ಇಳಿಸುವ ಇಳಿಜಾರಿನ ಮೂಲೆ, ಮೆಟ್ಟಿಲಿನ ಕೊನೆ, ತೊರೆ ಕಡಲಿಗೆ ಸೇರುವಲ್ಲಿನ ಕಟ್ಟೆ. ಪ್ರತಿ ಬಂಡೆಯನ್ನೂ ನೋಡುತ್ತಾ ಹೋದರೆ ಇಡೀ ದಿನ ಸಾಲದು. ನೀರಿನಿಂದ ಮೇಲೇರಿ ಬರುವ ಮೊಣಕಾಲೆತ್ತರದ ಪ್ರಾಣಿಗೆ ಯಾವುದು ಸುಲಭ, ಯಾವುದು ಮೆರೆಯುವ ಜಾಗ ಎಂದು ಯೋಚಿಸಿದರೆ ಕಣ್ಣು ತಾನಾಗಿ ಸರಿಯಾದ ಕಲ್ಲಿನತ್ತ ಹೋಗುತ್ತದೆ. ನನ್ನ ಜೊತೆಗಾರರು ಬಗ್ಗಿ ಕುಳಿತು, ಗಲ್ಲ ಬಂಡೆಗೆ ತಾಗುವಷ್ಟು ತಗ್ಗಿ ಮುಂದಿನ ಸಾಲನ್ನು ನೋಡುತ್ತಿದ್ದರು. ಹಾಗೆ ನೋಡಿದಾಗ ನಿಂತವರಿಗೆ ಕಾಣದ ದಾರಿಗಳು ಕಾಣುತ್ತವೆ.

ಬಂದರಿನಲ್ಲಿ ಮೋಸ ಮಾಡುವ ಗುರುತುಗಳಿಗೆ ಕೊರತೆಯಿಲ್ಲ. ಕಡಲಹಕ್ಕಿಗಳು ಕಕ್ಕಿದ ಉಂಡೆಗಳಲ್ಲೂ ಮೀನಿನ ಮುಳ್ಳು, ಏಡಿಯ ಚಿಪ್ಪಿನ ಚೂರು ಇರುತ್ತವೆ, ಆದರೆ ಅವು ಒಣಕಲು, ಜೊತೆಗೆ ಅಲ್ಲಲ್ಲಿ ಪ್ಲಾಸ್ಟಿಕ್ ಚೂರೂ ಇರಬಹುದು. ಬೆಕ್ಕು, ನಾಯಿ, ಹೆಗ್ಗಣ ಎಲ್ಲವೂ ಮೀನು ಬಿದ್ದ ಕಡೆ ಬರುತ್ತವೆ. ನೀರುನಾಯಿಯ ಚಿಕ್ಕ ಸಂಬಂಧಿಯಾದ ಅಮೆರಿಕನ್ ಮಿಂಕ್ ಎಂಬ ಪ್ರಾಣಿ ನುಗ್ಗಿರುವ ದೇಶಗಳಲ್ಲಿ ಅದರದ್ದೇ ದೊಡ್ಡ ಗೊಂದಲ. ಅದರ ಹಿಕ್ಕೆ ಹುರಿಗೊಂಡಂತೆ ತಿರುಚಿ ತುದಿ ಚೂಪಾಗಿರುತ್ತದೆ, ವಾಸನೆ ಸಹಿಸಲಾಗದಷ್ಟು ಕೆಟ್ಟದ್ದು. ಕೊನೆಗೆ ತೀರ್ಪು ಕೊಡುವುದು ಮೂಗು.

ತಡೆಗೋಡೆಯ ತಿರುವಿನಲ್ಲಿ, ಒಸರಿನ ಬಳಿಯ ಚಪ್ಪಟೆ ಬಂಡೆಯ ಮೇಲೆ ನಮಗೆ ಮೊದಲನೆಯದು ಸಿಕ್ಕಿತು. ಹೆಬ್ಬೆರಳಿಗಿಂತ ಚಿಕ್ಕದು. ಕಪ್ಪು, ಅಂಚಿನಲ್ಲಿ ಹಸಿರು ಛಾಯೆ, ಮೇಲ್ಮೈಯಲ್ಲಿ ಡಾಂಬರಿನ ಹೊಳಪು. ಕೈಗವಸು ಹಾಕಿಕೊಂಡು, ಭೂತಗನ್ನಡಿ ಹಿಡಿದು ನೋಡಿದಾಗ ಕಪ್ಪು ಲೋಳೆಯಿಂದ ಬೆಳ್ಳಗೆ ಚುಚ್ಚಿಕೊಂಡು ನಿಂತ ಮುಳ್ಳುಗಳು ಕಂಡವು. ಪುಟ್ಟ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಡುವೆ ಏಡಿಯ ಕಾಲಿನ ಕಿತ್ತಳೆ ಬಣ್ಣದ ತುದಿಯೊಂದು. ಬಾಗಿ ಮೂಸಿದೆ. ಮೀನಿನ ವಾಸನೆ ಇದ್ದೇ ಇತ್ತು, ಅದರ ಕೆಳಗೆ ಹೊಸದಾಗಿ ಕೊಯ್ದು ಬಿಸಿಲಿಗೆ ಹರವಿದ ಹುಲ್ಲಿನಂಥ ಒಂದು ಸಿಹಿ ಗಂಧ. ಒಮ್ಮೆ ಮೂಗಿಗೆ ಕೂತರೆ ಅದು ಮರೆಯುವುದಿಲ್ಲ, ಬೇರೆ ಯಾವುದರ ಜೊತೆಗೂ ಬೆರೆಯುವುದಿಲ್ಲ. "ಹಿಂದಿನ ಉಬ್ಬರದ ಗೆರೆ ಎಲ್ಲಿದೆ ನೋಡಿ" ಎಂದರು ಜೊತೆಗಾರರು. ಗೆರೆ ಆ ಬಂಡೆಯ ತುದಿಯಿಂದ ಒಂದು ಗೇಣು ಮೇಲಿತ್ತು. ಅಂದರೆ ನಾವು ಬರುವ ಕೆಲವೇ ಗಂಟೆಗಳ ಮುಂಚೆ, ಬಹುಶಃ ಬೆಳಗಿನ ಜಾವದಲ್ಲಿ, ದೋಣಿಗಳು ಎಂಜಿನ್ ಚಾಲೂ ಮಾಡುತ್ತಿದ್ದ ಹೊತ್ತಿನಲ್ಲಿ ಅದು ಇಲ್ಲಿಗೆ ಬಂದಿತ್ತು. ನಾನು ಬಂದರಿನತ್ತ ತಿರುಗಿ ನೋಡಿದೆ. ಮನುಷ್ಯರ ಗದ್ದಲ ಇಷ್ಟು ಹತ್ತಿರವಿದ್ದೂ ಒಂದು ಕಾಡುಪ್ರಾಣಿ ತನ್ನ ಪಾಡಿಗೆ ತಾನು ಬಂದು ಹೋಗುತ್ತಿದೆ ಎಂಬ ಅರಿವು ಕೊಟ್ಟ ಸಂತೋಷವನ್ನು ಹೇಳಲು ನನಗೆ ಮಾತು ಸಾಲದು.

ಪ್ರತಿ ಗುರುತಿಗೂ ಒಂದೇ ಕ್ರಮ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ, ಜಿಪಿಎಸ್ ಸ್ಥಾನ, ಉಬ್ಬರದ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ, ಹತ್ತಿರದ ಸಿಹಿನೀರು ಎಷ್ಟು ದೂರ, ಒದ್ದೆಯಾಗಿ ಹೊಳೆಯುತ್ತಿದೆಯೇ, ಒಣಗಿದ್ದರೂ ಇಡಿಯಾಗಿದೆಯೇ, ಬೂದುಬಣ್ಣಕ್ಕೆ ತಿರುಗಿ ಪುಡಿಯಾಗಿದೆಯೇ. ಮಳೆ, ಬಿಸಿಲು, ಅಲೆಯ ಸಿಂಚನ ಎಲ್ಲವೂ ಹಿಕ್ಕೆಯ ಮುಪ್ಪನ್ನು ಬದಲಿಸುತ್ತವೆ, ಆದ್ದರಿಂದ ಇಷ್ಟು ದಿನ ಹಳೆಯದು ಎಂದು ಬರೆಯದೆ ಕಂಡ ಸ್ಥಿತಿಯನ್ನಷ್ಟೇ ಬರೆಯುತ್ತೇವೆ.

ನದಿ ಸಮೀಕ್ಷೆಯಲ್ಲಿ ಒಂದು ಸ್ಥಳಕ್ಕೆ 600 ಮೀಟರ್ ದಡ ನಡೆಯುವ ರೂಢಿ ಇದೆ. ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆಗಳು ಬೆಳೆಸಿದ ಪದ್ಧತಿ ಅದು. ಆ ಪದ್ಧತಿಗೆ ನಾನು ತಲೆಬಾಗುತ್ತೇನೆ, ಏಕೆಂದರೆ ಒಂದು ಪ್ರಾಣಿ ಅಳಿವಿನ ಅಂಚಿಗೆ ಹೋಗಿ ಮರಳಿದ್ದನ್ನು ಅಂಕಿಗಳಲ್ಲಿ ಕಾಣಿಸಿದ್ದು ಅದೇ. 1977ರಿಂದ 79ರ ನಡುವೆ ಇಂಗ್ಲೆಂಡಿನಲ್ಲಿ ಹುಡುಕಿದ ಸ್ಥಳಗಳಲ್ಲಿ ಶೇ. 5.8ರಷ್ಟರಲ್ಲಿ ಮಾತ್ರ ನೀರುನಾಯಿಯ ಗುರುತು ಸಿಕ್ಕಿತ್ತು. 2009-10ರ ಸಮೀಕ್ಷೆಯ ಹೊತ್ತಿಗೆ ಅದು ಶೇ. 58.8ಕ್ಕೆ ಏರಿತ್ತು. 1950ರ ದಶಕದಲ್ಲಿ ಬಳಕೆಗೆ ಬಂದ ಡೀಲ್‌ಡ್ರಿನ್‌ನಂಥ ಕೀಟನಾಶಕಗಳು ಮೀನಿನ ಮೂಲಕ ನೀರುನಾಯಿಯ ಮೈ ಸೇರಿ ಅದನ್ನು ನಾಡಿನ ಬಹುಭಾಗದಿಂದ ಅಳಿಸಿಹಾಕಿದ್ದವು. ಅವುಗಳ ನಿಷೇಧ, ಕಾನೂನಿನ ರಕ್ಷಣೆ, ನೀರಿನ ಶುದ್ಧತೆ ಇವು ಕೂಡಿ ಅದನ್ನು ಮರಳಿ ತಂದವು. ಈ ಇಡೀ ಕಥೆಯನ್ನು ದಾಖಲಿಸಿದ್ದು ಹಿಕ್ಕೆ ಹುಡುಕುತ್ತಾ ನಡೆದ ಜನ. ಆದರೆ ಬಂದರಿಗೆ ಅದೇ ಪದ್ಧತಿ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ದಡ ಎನ್ನುವುದು ಸರಳ ಗೆರೆಯಲ್ಲ. ಗೋಡೆ, ಮೆಟ್ಟಿಲು, ಕಂಬ, ಸಂದುಗೊಂದುಗಳ ಮೊತ್ತ. ನಾವು ಬಂದರಿನ ಸುತ್ತಳತೆಯನ್ನು ತುಂಡುಗಳಾಗಿ ವಿಂಗಡಿಸಿ ಪ್ರತಿಯೊಂದನ್ನೂ ಕೊನೆಯವರೆಗೆ ನಡೆದೆವು. ನಡೆಯಲಾಗದ ಕಡೆ ಸಣ್ಣ ದೋಣಿಯಲ್ಲಿ ಹೋಗಿ ದುರ್ಬೀನಿನಿಂದ ನೋಡಿದೆವು.

ಕೆಸರು ಬಯಲಿನ ಅಂಚು ಇನ್ನೊಂದು ಬಗೆಯ ಪುರಾವೆ ಕೊಟ್ಟಿತು. ಮೆತ್ತನೆಯ, ಆದರೆ ನೀರು ನಿಲ್ಲದ ಕೆಸರಿನಲ್ಲಿ ಹೆಜ್ಜೆ ಅಚ್ಚೊತ್ತಿದಂತೆ ಮೂಡುತ್ತದೆ. ನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ನಡುವೆ ಗೆರೆ ಎಳೆದರೆ ಎರಡೂ ಬದಿ ಸಮ. ನೀರುನಾಯಿಗೆ ಐದು ಬೆರಳು, ಅಂಗಾಲಿನ ದಿಂಬಿನ ಸುತ್ತ ಬಿಲ್ಲಿನಂತೆ ಹರಡಿ ಓರೆಯಾಗಿ ಕುಳಿತಿರುತ್ತವೆ. ಐದನೆಯದು ಎಷ್ಟೋ ಸಲ ಮೂಡುವುದೇ ಇಲ್ಲ, ಆಗ ಓರೆಯನ್ನು ನೋಡಿಯೇ ಗುರುತಿಸಬೇಕು. ನಮಗೆ ಸಿಕ್ಕ ಸಾಲಿನಲ್ಲಿ ಒಂದೇ ಒಂದು ಹೆಜ್ಜೆಯಲ್ಲಿ ಬೆರಳುಗಳ ನಡುವಿನ ಪೊರೆಯೂ ತೆಳುವಾಗಿ ಒತ್ತಿತ್ತು. ಆ ಹೆಜ್ಜೆಯ ಅಗಲ ಆರು ಸೆಂಟಿಮೀಟರ್. ಅದರ ಹಿಂದೆ ಅಲ್ಲಲ್ಲಿ ಬಾಲ ಎಳೆದ ಗೀರು. ಸಾಲು ನೀರಿನಂಚಿನಿಂದ ಹೊರಟು, ಎಲ್ಲೂ ಅಡ್ಡಾಡದೆ, ನೇರವಾಗಿ ತೊರೆಯ ಬಾಯಿಗೆ ಹೋಗಿ ಮಾಯವಾಗಿತ್ತು. ಮೀನು ಹಿಡಿದದ್ದು ಕಡಲಿನಲ್ಲಿ, ಹೋದದ್ದು ಸಿಹಿನೀರಿಗೆ. ನಕ್ಷೆಯ ನೀಲಿ ಪೆನ್ಸಿಲ್ ಗುರುತುಗಳು ನಿಜವೆಂದು ಆ ಸಾಲು ಹೇಳುತ್ತಿತ್ತು.

ಆದರೆ ಸಮೀಕ್ಷೆಯ ತಿರುಳು ಸಿಕ್ಕಿದ್ದು ಯಾರೂ ತಿರುಗಿ ನೋಡದ ಮೋರಿಯಲ್ಲಿ. ದಕ್ಕೆಯ ಹಿಂಬದಿ, ಹಳೆಯ ಬಲೆಗಳ ರಾಶಿಯ ಆಚೆ, ಕಲ್ಲಿನ ಕಮಾನಿನಡಿಯಿಂದ ಬರುವ ಆ ನೀರು ಮಳೆಯಿಲ್ಲದ ದಿನಗಳಲ್ಲಿ ಪಾದ ಮುಳುಗುವಷ್ಟೂ ಇರುವುದಿಲ್ಲ. ಟಾರ್ಚ್ ಹಿಡಿದು ಬಾಗಿ ನೋಡಿದರೆ ಒಳಗಿನ ಕಟ್ಟೆಯ ಮೇಲೆ ಹಿಕ್ಕೆಗಳ ಗುಡ್ಡೆ. ತಳದಲ್ಲಿ ಬೂದಿಯಂತೆ ಉದುರುವ ಹಳೆಯ ಮುಳ್ಳಿನ ಪುಡಿ, ಅದರ ಮೇಲೆ ಒಣಗಿದವು, ಮೇಲ್ತುದಿಯಲ್ಲಿ ಇನ್ನೂ ಒದ್ದೆಯಾದದ್ದು. ಪಕ್ಕದಲ್ಲಿ ಮುಳ್ಳಿಲ್ಲದ, ಪಾರದರ್ಶಕವಾದ, ಕಂದು ಬಣ್ಣದ ಲೋಳೆಯ ಒಂದು ಹನಿ. ಇದು ಗುದದ ಬಳಿಯಿಂದ ಒಸರುವ ಸ್ರವಿಕೆ, ಗುರುತು ಹಾಕುವುದಕ್ಕೆಂದೇ ಬಿಡುವಂಥದ್ದು. ಕಮಾನಿನ ಹೊರಗೆ, ನೀರು ಕಡಲಿಗೆ ಬೀಳುವ ಮುನ್ನ ನಿಲ್ಲುವ ಪುಟ್ಟ ಗುಂಡಿ. ಗುಂಡಿಯಿಂದ ಮೇಲಕ್ಕೆ ಹುಲ್ಲು ಮಲಗಿದ ಒಂದು ಸಣ್ಣ ದಾರಿ, ದಾರಿಯ ಕೊನೆಯಲ್ಲಿ ಹುಲ್ಲು ಚಪ್ಪಟೆಯಾದ ಹೊರಳಾಟದ ಜಾಗ. ಆ ಜಾಗದ ಅಂಚಿನ ಹುಲ್ಲು ಸುತ್ತಲಿನದಕ್ಕಿಂತ ದಟ್ಟ ಹಸಿರು. ವರ್ಷಗಳಿಂದ ಬಿದ್ದ ಹಿಕ್ಕೆಯ ಸಾರಜನಕ ಅದಕ್ಕೆ ಗೊಬ್ಬರವಾಗಿದೆ. ಬೇಟೆಯಾಡಿ ಬಂದು ಗುಂಡಿಯಲ್ಲಿ ಉಪ್ಪು ಕಳೆದುಕೊಂಡು, ಹುಲ್ಲಿನ ಮೇಲೆ ಹೊರಳಿ ಒಣಗುವುದು ಇಲ್ಲಿ ಹಿಂದಿನಿಂದಲೂ ನಡೆದುಬಂದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಕಾಮಗಾರಿಯ ನಕ್ಷೆ ತೆರೆದು ನೋಡಿದೆವು. ಆ ಮೋರಿಯನ್ನು ಕೊಳವೆಗೆ ಹಾಕಿ, ದಕ್ಕೆಯಡಿ ಸಾಗಿಸಿ, ನೀರಿನ ಮಟ್ಟದ ಕೆಳಗೆ ಕಡಲಿಗೆ ಬಿಡುವಂತೆ ಗೆರೆ ಎಳೆದಿದ್ದರು.

ಮೋರಿಯ ಎದುರು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಬಂದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ, ಕಟ್ಟಲು ಅನುಮತಿ ಪಡೆದೆವು. ಹಲವು ದೇಶಗಳಲ್ಲಿ ನೀರುನಾಯಿಯ ಬಿಲವನ್ನು ಕಲಕುವುದು, ಅದರ ಮುಂದೆ ಅಡ್ಡಿಯಾಗುವುದು ಕಾನೂನಿಗೆ ವಿರುದ್ಧ. ಬಿಲವಲ್ಲದ ಜಾಗಕ್ಕೂ ಅದೇ ಎಚ್ಚರ ಇಟ್ಟುಕೊಳ್ಳುವುದು ಒಳ್ಳೆಯದು. ಕ್ಯಾಮೆರಾಕ್ಕೆ ಒಂದು ಮಿತಿಯಿದೆ. ಅದು ಎಚ್ಚೆತ್ತುಕೊಳ್ಳುವುದು ಮೈಯ ಶಾಖಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸದಿಂದ. ತಣ್ಣೀರಿನಿಂದ ಆಗಷ್ಟೇ ಎದ್ದು ಬಂದ ನೀರುನಾಯಿಯ ಹೊರಗೂದಲು ಸುತ್ತಲಿನಷ್ಟೇ ತಣ್ಣಗಿರುತ್ತದೆ. ಹೀಗಾಗಿ ಕ್ಯಾಮೆರಾದ ಮುಂದೆಯೇ ಹೊಸ ಹೆಜ್ಜೆ ಇದ್ದು, ಒಳಗೆ ಚಿತ್ರವೇ ಇಲ್ಲದ ಬೆಳಗುಗಳೂ ಇದ್ದವು. ಆದ್ದರಿಂದ ಅದನ್ನು ನೀರಿನಂಚಿಗೆ ತಿರುಗಿಸದೆ ಹುಲ್ಲಿನ ದಾರಿಯತ್ತ ತಿರುಗಿಸಿದೆವು. ಅಲ್ಲಿ ಪ್ರಾಣಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೊನೆಗೆ ಸಿಕ್ಕ ಒಂದು ದೃಶ್ಯದಲ್ಲಿ, ನಡುರಾತ್ರಿ ಕಳೆದ ಹೊತ್ತಿನಲ್ಲಿ, ದೊಡ್ಡದೊಂದು ನೀರುನಾಯಿ ಗುಂಡಿಯಿಂದ ಎದ್ದು ತಲೆಯಿಂದ ಬಾಲದವರೆಗೆ ಮೈ ಕೊಡವುತ್ತದೆ, ಕತ್ತನ್ನು ಹುಲ್ಲಿಗೆ ಉಜ್ಜುತ್ತಾ ಮುಂದಕ್ಕೆ ಜಾರುತ್ತದೆ, ಮತ್ತೆ ಉಜ್ಜುತ್ತದೆ. ಅದರ ಹಿಂದೆಯೇ ಚಿಕ್ಕದೊಂದು ಗುಂಡಿಗೆ ಇಳಿದು ಅದನ್ನೇ ಮಾಡಲು ನೋಡುತ್ತದೆ. ತಾಯಿ, ಮರಿ. ಬಂದರಿನ ಸಿಬ್ಬಂದಿಗೆ ಆ ದೃಶ್ಯ ತೋರಿಸಿದಾಗ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಬ್ಬರು, "ಇನ್ನೊಂದು ಸಲ ಹಾಕಿ" ಎಂದರು.

ಕ್ಯಾಮೆರಾವೂ ಹಿಕ್ಕೆಯೂ ಕೂಡಿದರೆ ಏನಾಗಬಹುದು ಎಂಬುದಕ್ಕೆ ಜಪಾನಿನ ತ್ಸುಶಿಮಾ ದ್ವೀಪ ಒಳ್ಳೆಯ ಉದಾಹರಣೆ. ಜಪಾನಿನಲ್ಲಿ ನೀರುನಾಯಿ ಕೊನೆಯ ಬಾರಿಗೆ ಖಚಿತವಾಗಿ ಕಂಡದ್ದು 1979ರಲ್ಲಿ, 2012ರಲ್ಲಿ ಅದನ್ನು ಅಳಿದುಹೋದ ಪ್ರಾಣಿ ಎಂದು ಸರ್ಕಾರವೇ ಘೋಷಿಸಿತ್ತು. 2017ರಲ್ಲಿ ತ್ಸುಶಿಮಾದ ಕಾಡುಬೆಕ್ಕುಗಳಿಗಾಗಿ ಇಟ್ಟಿದ್ದ ಕ್ಯಾಮೆರಾದಲ್ಲಿ ನೀರುನಾಯಿಯೊಂದು ನಡೆದುಹೋಯಿತು. ದ್ವೀಪದಲ್ಲಿ ಹಿಕ್ಕೆ ಹುಡುಕಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅದು ಯುರೇಷಿಯನ್ ನೀರುನಾಯಿ ಎಂದು ತಿಳಿಯಿತು. ಕೊರಿಯಾದ ಕಡೆಯಿಂದ ಸಮುದ್ರ ದಾಟಿ ಬಂದಿರಬಹುದು ಎಂಬುದು ಸಂಶೋಧಕರ ಊಹೆ. ಕರಾವಳಿಯ ಒಂದು ಹಿಕ್ಕೆಗೆ ಇಷ್ಟು ತೂಕವಿದೆ.

ಡಿಎನ್‌ಎಗಾಗಿ ನಾವೂ ಮಾದರಿ ತೆಗೆದೆವು. ಇದಕ್ಕೆ ಮುಂಜಾನೆಯೇ ಆಗಬೇಕು. ಬಿಸಿಲು ಏರಿದಂತೆ ಹಿಕ್ಕೆಯ ಹೊರಪದರದಲ್ಲಿರುವ ಕರುಳಿನ ಜೀವಕೋಶಗಳು ಬೇಗ ಹಾಳಾಗುತ್ತವೆ. ಹೊಳೆಯುವ ಹೊಸತನ್ನೇ ಆರಿಸಿ, ಪೂರ್ತಿ ಎತ್ತದೆ ಒಂದು ಭಾಗವನ್ನಷ್ಟೇ ಶುದ್ಧ ಕಡ್ಡಿಯಿಂದ ಎಥನಾಲ್ ಇರುವ ಸೀಸೆಗೆ ಹಾಕಿ, ಉಳಿದದ್ದನ್ನು ಅಲ್ಲಿಯೇ ಬಿಡುತ್ತೇವೆ. ಅದು ನೀರುನಾಯಿಗಳ ನಡುವಿನ ಸಂದೇಶ, ಪೂರ್ತಿ ಅಳಿಸುವ ಹಕ್ಕು ನಮಗಿಲ್ಲ. ಇಷ್ಟೆಲ್ಲ ಮಾಡಿದರೂ ಹಿಕ್ಕೆಯಿಂದ ಒಂದೊಂದು ಪ್ರಾಣಿಯನ್ನು ಬೇರೆಬೇರೆಯಾಗಿ ಗುರುತಿಸುವ ಪ್ರಯತ್ನಗಳಲ್ಲಿ ಬಹಳಷ್ಟು ಫಲಿಸುವುದಿಲ್ಲ. ಲೋಳೆಯ ಮಾದರಿಗಳು ಸಾಮಾನ್ಯವಾಗಿ ಹೆಚ್ಚು ಭರವಸೆ ಕೊಡುತ್ತವೆ.

"ಹಾಗಾದರೆ ಒಟ್ಟು ಎಷ್ಟಿವೆ?" ಎಂದು ಬಂದರಿನ ಅಧಿಕಾರಿ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳುವುದರಲ್ಲಿ ತಪ್ಪೂ ಇಲ್ಲ. ಹಿಕ್ಕೆಗಳ ಎಣಿಕೆಯಿಂದ ಪ್ರಾಣಿಗಳ ಎಣಿಕೆ ಹೇಳಲಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆವು. ಒಂದೇ ನೀರುನಾಯಿ ಒಂದು ರಾತ್ರಿಯಲ್ಲಿ ಹಲವು ಕಡೆ ಗುರುತು ಹಾಕುತ್ತದೆ. ಬೇಸಗೆಗಿಂತ ಚಳಿಗಾಲದಲ್ಲಿ ಬಹಳ ಹೆಚ್ಚು ಹಿಕ್ಕೆ ಕಾಣಸಿಗುತ್ತದೆ ಎಂಬುದು ಶೆಟ್ಲೆಂಡಿನಲ್ಲಿ ಕಂಡುಬಂದಿದೆ. ಪ್ರಾಣಿಗಳ ಸಂಖ್ಯೆ ಅದೇ ಇದ್ದರೂ ಗುರುತು ಹಾಕುವ ಅಭ್ಯಾಸ ಋತುವಿನೊಂದಿಗೆ ಬದಲಾಗುತ್ತದೆ. ಹೆಣ್ಣು ಮತ್ತು ಮರಿ ಈ ಬಂದರನ್ನು ಬಳಸುತ್ತವೆ, ಯಾವ ಮೂರು ಜಾಗಗಳು ಅವುಗಳಿಗೆ ಅನಿವಾರ್ಯ ಎಂಬಷ್ಟನ್ನು ಮಾತ್ರ ನಾವು ಖಚಿತವಾಗಿ ಹೇಳಬಲ್ಲೆವು. ಕಾಮಗಾರಿಯ ಬಗ್ಗೆ ನಿರ್ಧರಿಸುವವರಿಗೆ ಬೇಕಾದದ್ದೂ ಅದೇ.

ಗುರುತು ಸಿಗದ ತುಂಡುಗಳನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಿದೆವು. ದೋಣಿ ರಿಪೇರಿಯ ಅಂಗಳದ ಬದಿಯಲ್ಲಿ ಏನೂ ಸಿಗಲಿಲ್ಲ. ಅಲ್ಲಿ ನೇರ ಕಾಂಕ್ರೀಟ್ ಗೋಡೆ, ರಾತ್ರಿಯಿಡೀ ದೀಪ, ಹತ್ತಲು ಕಲ್ಲಿಲ್ಲ, ಸಿಹಿನೀರಿಲ್ಲ. ಆದರೂ ವರದಿಯಲ್ಲಿ 'ನೀರುನಾಯಿ ಇಲ್ಲ' ಎಂದು ಬರೆಯಲಿಲ್ಲ, 'ಗುರುತು ಕಂಡುಬಂದಿಲ್ಲ' ಎಂದು ಬರೆದೆವು. ಗೋಡೆಯುದ್ದಕ್ಕೂ ಈಜಿ ಹೋದ ಪ್ರಾಣಿ ಯಾವ ಗುರುತನ್ನೂ ಬಿಡುವುದಿಲ್ಲ.

ಮೀನುಗಾರರ ಜೊತೆಗಿನ ಮಾತು ಸಮೀಕ್ಷೆಯುದ್ದಕ್ಕೂ ನಡೆದೇ ಇತ್ತು. ನೀರುನಾಯಿ ಮೀನು ಕದಿಯುತ್ತದೆ ಎಂಬ ದೂರು ಒಬ್ಬಿಬ್ಬರಲ್ಲಿತ್ತು. ಅದು ದಿನಕ್ಕೆ ತನ್ನ ತೂಕದ ಶೇ. 15ರ ಆಸುಪಾಸು ತಿನ್ನುವುದು ನಿಜ. ಹಿಕ್ಕೆಯ ಮುಳ್ಳುಗಳನ್ನು ತೊಳೆದು, ಬಿಳಿ ತಟ್ಟೆಯ ಮೇಲೆ ಹರಡಿ ಅವರಿಗೇ ತೋರಿಸಿದೆವು. ಬಹುಪಾಲು ಕಲ್ಲಿನಡಿ, ಕಡಲಪಾಚಿಯ ನಡುವೆ ಬದುಕುವ ಬೆರಳುದ್ದದ ಮೀನುಗಳು, ಏಡಿಗಳು. ಮಾರಾಟಕ್ಕೆ ಬರುವಂಥವಲ್ಲ. ಅವರು ಒಂದೊಂದೇ ಮುಳ್ಳನ್ನು ಎತ್ತಿ ನೋಡಿ ಮೀನಿನ ಹೆಸರು ಹೇಳುತ್ತಿದ್ದ ರೀತಿಗೆ ನಾವು ಬೆರಗಾದೆವು. ನಮ್ಮ ಕೈಪಿಡಿಗಿಂತ ಅವರ ಕಣ್ಣು ಚುರುಕಾಗಿತ್ತು. ದೂರಿಗಿಂತ ದೊಡ್ಡ ವಿಷಯವನ್ನು ನಾವು ಎತ್ತಬೇಕಾಗಿತ್ತು: ಏಡಿ ಹಿಡಿಯುವ ಗೂಡುಗಳು, ಬಾಯಿ ಕಿರಿದಾಗುತ್ತಾ ಹೋಗುವ ಬಲೆಗಳು. ಒಳಗಿನ ಮೀನಿಗಾಗಿ ನುಗ್ಗಿದ ನೀರುನಾಯಿಗೆ ಹೊರಬರಲು ದಾರಿ ಸಿಗದೆ ಮುಳುಗಿ ಸಾಯುತ್ತದೆ. ಅದರ ಮುಳುಗು ಸಾಮಾನ್ಯವಾಗಿ ಒಂದು ನಿಮಿಷವನ್ನೂ ದಾಟುವುದಿಲ್ಲ. ಬಾಯಿಗೆ ಗಟ್ಟಿಯಾದ ಚಿಕ್ಕ ಚೌಕಟ್ಟು ಕೂರಿಸಿದರೆ ಏಡಿ, ಮೀನು ಒಳಹೋಗುತ್ತವೆ, ನೀರುನಾಯಿ ಹೋಗುವುದಿಲ್ಲ. ಒಸರಿನ ಸುಳಿವು ಕೊಟ್ಟಿದ್ದ ಆ ಹಿರಿಯರೇ ಮೊದಲು ತಮ್ಮ ಗೂಡುಗಳಿಗೆ ಅದನ್ನು ಹಾಕಿಸಿಕೊಳ್ಳಲು ಒಪ್ಪಿದರು. ಅವರನ್ನು ನೋಡಿ ಉಳಿದವರೂ ಒಪ್ಪಿಕೊಂಡರು.

ಎಣ್ಣೆಯ ವಿಚಾರಕ್ಕೆ ವರದಿಯಲ್ಲಿ ಒಂದು ಪುಟವನ್ನೇ ಕೊಟ್ಟೆವು. 1978ರ ಡಿಸೆಂಬರ್ ಕೊನೆಯಲ್ಲಿ ಶೆಟ್ಲೆಂಡಿನ ಸಲ್ಲಮ್ ವೋ ತೈಲ ಬಂದರಿನಲ್ಲಿ ಹಡಗೊಂದರಿಂದ ಎಣ್ಣೆ ಸೋರಿದಾಗ ಸಾವಿರಾರು ಕಡಲಹಕ್ಕಿಗಳ ಜೊತೆ ನೀರುನಾಯಿಗಳೂ ಸತ್ತವು. ಉಪ್ಪೇ ಕೂದಲನ್ನು ಕೆಡಿಸುವಾಗ ಎಣ್ಣೆಯ ಮಾತು ಬೇರೆ ಹೇಳಬೇಕಿಲ್ಲ. ಅದನ್ನು ನೆಕ್ಕಿ ತೆಗೆಯಲು ಹೋಗಿ ವಿಷವೂ ಹೊಟ್ಟೆ ಸೇರುತ್ತದೆ. ಮೀನುಗಾರಿಕೆ ಬಂದರಿನಲ್ಲಿ ಅಂಥ ದುರಂತ ಆಗದಿರಬಹುದು, ಆದರೆ ಎಂಜಿನ್ನಿನ ಹಳೆಯ ಎಣ್ಣೆಯನ್ನು ಮೋರಿಗೆ ಸುರಿದರೆ ಬಂದರಿನ ನೀರುನಾಯಿಗೆ ಇರುವ ಸ್ನಾನದ ಗುಂಡಿಯೇ ಹೋಗುತ್ತದೆ. ಹಳೆಯ ಎಣ್ಣೆ ಸಂಗ್ರಹಿಸಲು ದಕ್ಕೆಯ ಮೇಲೆ ಮುಚ್ಚಳವಿರುವ ಪೀಪಾಯಿಗಳನ್ನು ಇಡಬೇಕು, ಅವನ್ನು ಮೋರಿಯಿಂದ ದೂರವಿಡಬೇಕು ಎಂದು ಸೂಚಿಸಿದೆವು.

ವರದಿಯ ನಕ್ಷೆಯಲ್ಲಿ ಗುರುತುಗಳ ಕೆಂಪು ಚುಕ್ಕೆಗಳನ್ನು ನೀಲಿ ಗುರುತುಗಳ ಮೇಲೆ ಹೊಂದಿಸಿದಾಗ ವಾದಿಸುವ ಅಗತ್ಯವೇ ಬೀಳಲಿಲ್ಲ. ಚುಕ್ಕೆಗಳು ಒಸರು, ತೊರೆಯ ಬಾಯಿ, ಮೋರಿ ಈ ಮೂರರ ಸುತ್ತಲೇ ಗುಂಪುಗೂಡಿದ್ದವು. ಎಂಜಿನಿಯರ್ ಅದನ್ನು ಬಹಳ ಹೊತ್ತು ನೋಡಿ, "ಮೋರಿಯನ್ನು ತೆರೆದೇ ಬಿಡಬೇಕೆಂದರೆ ದಕ್ಕೆಯ ಈ ಭಾಗವನ್ನು ಕಂಬದ ಮೇಲೆ ನಿಲ್ಲಿಸಬೇಕಾಗುತ್ತದೆ, ಆಗದ ಕೆಲಸವೇನಲ್ಲ" ಎಂದರು. ಹಾಗೆಯೇ ಆಯಿತು. ಕೊಳವೆಯ ಗೆರೆ ಅಳಿಸಿ, ಕಮಾನಿನ ಮುಂದೆ ಗುಂಡಿಗೂ ಹುಲ್ಲಿನ ದಾರಿಗೂ ಜಾಗ ಬಿಟ್ಟು ಹೊಸ ನಕ್ಷೆ ಬಂತು. ಒಸರಿನ ಬಳಿಯ ತಡೆಗೋಡೆಯ ಸಂದುಗಳನ್ನು ಕಾಂಕ್ರೀಟ್‌ನಿಂದ ಮುಚ್ಚುವುದಿಲ್ಲ, ಮೋರಿಯತ್ತ ಬೀಳುವ ದೀಪಗಳನ್ನು ತಿರುಗಿಸುತ್ತಾರೆ, ಕತ್ತಲಾದ ಮೇಲೆ ಆ ಬದಿಯಲ್ಲಿ ಯಂತ್ರ ಓಡಿಸುವುದಿಲ್ಲ ಎಂಬ ಷರತ್ತುಗಳು ಗುತ್ತಿಗೆ ಪತ್ರಕ್ಕೆ ಸೇರಿದವು. ಕಾಮಗಾರಿ ನಡೆಯುವಾಗಲೂ ಮುಗಿದ ಮೇಲೂ ಪ್ರತಿ ಚಳಿಗಾಲ ಅದೇ ತುಂಡುಗಳನ್ನು, ಅದೇ ಸಣ್ಣ ಉಬ್ಬರದ ದಿನಗಳಲ್ಲಿ, ಅದೇ ನಮೂನೆಯ ಹಾಳೆಯಲ್ಲಿ ಮತ್ತೆ ಸಮೀಕ್ಷೆ ಮಾಡಬೇಕೆಂದು ನಿರ್ಧಾರವಾಗಿದೆ. ಬಂದರಿನ ಇಬ್ಬರು ಯುವ ಮೀನುಗಾರರು ಅದಕ್ಕೆ ಹೆಸರು ಕೊಟ್ಟಿದ್ದಾರೆ, ತರಬೇತಿ ತೊರೆಯ ಬಾಯಿಯಿಂದ ಶುರುವಾಗಿದೆ.